ಜೀಪ್ ಶೆಡ್‌ನಲ್ಲಿ ನೀರು ನಿಲ್ಲುತ್ತೆ, ನೆಲ ಒಡೆದು ಡ್ರೈನ್ ಹಾಕಿಸಲಾ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪದ ಹತ್ತಿರ ತೋಟದ ಮನೆ. ಜೀಪ್ ಶೆಡ್‌ಗೆ ಕಾಂಕ್ರೀಟ್ ನೆಲ ಇದೆ. ಜೂನ್ ಬಂತೆಂದರೆ ಒಳಗೆಲ್ಲ ನೀರು, ಕೆಸರು. ನಡುವೆ ನೆಲ ಒಡೆದು ಒಂದು ಡ್ರೈನ್ ಹಾಕಿಸಿದರೆ ಸರಿಹೋಗುತ್ತದಾ? ಪೈಪನ್ನು ಸೆಪ್ಟಿಕ್ ಟ್ಯಾಂಕ್‌ಗೆ ಸೇರಿಸಿಬಿಡೋಣ ಅಂತಾರೆ ಮೇಸ್ತ್ರಿ.

ಸೆಪ್ಟಿಕ್ ಟ್ಯಾಂಕ್‌ಗೆ ಮಾತ್ರ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಡ್ರೈನ್ ಹಾಕಿಸಬಹುದು. ಆದರೆ ಅದಕ್ಕೂ ಮೊದಲು ಜೋರು ಮಳೆಯ ಒಂದು ದಿನ ಶೆಡ್‌ನಲ್ಲಿ ಅರ್ಧ ಗಂಟೆ ಸುಮ್ನೆ ನಿಂತು ನೋಡಿ. ನೀರು ಬರುತ್ತಿರುವುದು ಎಲ್ಲಿಂದ?

ಜೀಪಿನಿಂದ ಇಳಿಯುವ ನೀರು ಅಷ್ಟೇನೂ ಇರುವುದಿಲ್ಲ. ಪೈಪ್ ಹಿಡಿದು ಚೆನ್ನಾಗಿ ತೊಳೆದರೂ ಒಂದು ಡ್ರಮ್‌ನಷ್ಟು. ಮಾಡಿನ ನೀರು ಹಾಗಲ್ಲ. 20 ಅಡಿ ಉದ್ದ, 12 ಅಡಿ ಅಗಲದ ಮಾಡಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ 2200 ಲೀಟರ್ ದಾಟುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಮಳೆ ತಿಂಗಳಲ್ಲಿ, ಅಂಥ ದಿನಗಳಿಗೆ ನಮ್ಮಲ್ಲಿ ಬರವಿಲ್ಲ. ಆ ನೀರು ಬಾಗಿಲ ಮುಂದೆ ಸುರಿದು ಒಳಗೆ ನುಗ್ಗುತ್ತಿದ್ದರೆ ನೆಲದ ನಡುವಿನ ತೂತು ಏನು ಮಾಡೀತು? ಮಾಡಿನ ಅಂಚಿಗೆ ದೋಣಿ ಪೈಪ್ ಕಟ್ಟಿಸಿ. ಬಾಗಿಲ ಮುಂದೆ ಅಡ್ಡಕ್ಕೆ ಒಂದು ಜಾಲರಿ ಚರಂಡಿ ಮಾಡಿಸಿ. ಎಷ್ಟೋ ಶೆಡ್‌ಗಳಿಗೆ ಇಷ್ಟೇ ಸಾಕಾಗುತ್ತದೆ.

ಇನ್ನೊಂದು ಇದೆ, ಅದು ಕೊಡಗಿನವರ ತಲೆನೋವು. ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ಶೆಡ್ ಕಟ್ಟಿರುತ್ತೇವೆ, ಹಿಂದೆಯೇ ಬರೆ, ಅಂದರೆ ಕಡಿದ ಗುಡ್ಡದ ಕಡಿದಾದ ಮಣ್ಣಿನ ಗೋಡೆ. ಜುಲೈ ಹೊತ್ತಿಗೆ ಮಣ್ಣೆಲ್ಲ ನೀರು ಕುಡಿದು ನೆಲದಡಿಯಿಂದಲೇ ಒರತೆ ಏಳುತ್ತದೆ. ಅನುಮಾನ ಇದ್ದರೆ ಮಳೆಗಾಲದಲ್ಲಿ ನೆಲದ ಒಂದು ಭಾಗ ಒರೆಸಿ, ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಮರುದಿನ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ನೀರು ಕೆಳಗಿನಿಂದ ಬರುತ್ತಿದೆ. ಆಗ ಕೆಲಸ ಇರುವುದು ಶೆಡ್ ಒಳಗಲ್ಲ, ಹಿಂದೆ. ಗೋಡೆ ಮತ್ತು ಬರೆಯ ನಡುವೆ, ನೆಲಕ್ಕಿಂತ ತಗ್ಗಿನಲ್ಲಿ ಒಂದು ಕಾಲುವೆ ತೆಗೆದು, ತೂತಿನ ಪೈಪ್ ಹಾಕಿ, ಜಲ್ಲಿ ತುಂಬಿ, ನೀರನ್ನು ಪಕ್ಕಕ್ಕೆ ಹರಿಸಬೇಕು. ಬರೆಯ ಬುಡವನ್ನು ಮಾತ್ರ ಕೆರೆಯಬೇಡಿ.

ಇದನ್ನೆಲ್ಲ ಸರಿಮಾಡಿದ ಮೇಲೂ ಜೀಪ್ ತೊಳೆಯಲಿಕ್ಕೆ, ಟಯರಿನ ಕೆಸರಿಗೆ ಡ್ರೈನ್ ಬೇಕು ಅಂದರೆ ಹಾಕಿಸಿ. ಆದರೆ ನಡುವೆ ಬೇಡ. ನಡುವೆ ಇಟ್ಟರೆ ನಾಲ್ಕೂ ಕಡೆಯಿಂದ ಇಳಿಜಾರು ಕೊಡಬೇಕು. ಇರುವ ಕಾಂಕ್ರೀಟ್ ಮೇಲೆ ಅದು ಸರಿಬರುವುದು ಕಷ್ಟ. ನಮ್ಮ ಮನೆಯಲ್ಲಿ ಆಗಿದ್ದೂ ಅದೇ. ಡ್ರೈನ್ ನಡುವೆ, ನೀರು ಮಾತ್ರ ಮೂಲೆಯಲ್ಲಿ! ಅದರ ಮೇಲೆ ಬಚ್ಚಲಿಗೆ ಹಾಕುವ ಸ್ಟೀಲ್ ಜಾಲರಿ ಹಾಕಿಸಿದ್ದೆ. ಜೀಪಿನ ಟಯರ್ ಹತ್ತಿದ ಮೊದಲ ವಾರವೇ ತಟ್ಟೆ ಹಾಗೆ ಬಗ್ಗಿತು.

ಬಾಗಿಲಿನ ಉದ್ದಕ್ಕೂ ಒಂದೇ ಅಡ್ಡ ಕಾಲುವೆ ಇದ್ದರೆ ಇಳಿಜಾರು ಒಂದೇ ಕಡೆಗೆ ಸಾಕು. ಅಡಿಗೆ ಕಾಲು ಇಂಚು ಕೊಟ್ಟರೆ ನೀರು ಚೆನ್ನಾಗಿ ಓಡುತ್ತದೆ. ಅರೆಕಾಲು ಇಂಚಿಗಿಂತ ಕಮ್ಮಿಯಾದರೆ ನಿಲ್ಲುತ್ತದೆ. ಅಂದರೆ 18 ಅಡಿ ಶೆಡ್‌ಗೆ ಹಿಂದಿನ ಗೋಡೆಯ ಹತ್ತಿರ ಕನಿಷ್ಠ ಎರಡೂಕಾಲು ಇಂಚು ಎತ್ತರ ಬೇಕು. ಹಳೆಯ ನೆಲದ ಮೇಲೆ ಹೊಸ ಕಾಂಕ್ರೀಟ್ ಹಾಕುವಾಗ ಕಾಲುವೆ ಕಡೆಯ ಅಂಚನ್ನು ದೋಸೆಯಷ್ಟು ತೆಳು ಮಾಡಿಬಿಡುತ್ತಾರೆ. ಅದು ಟಯರಿಗೆ ಎದ್ದುಬರುತ್ತದೆ. ಅಲ್ಲೂ ಎರಡು ಇಂಚು ದಪ್ಪ ಇರಲಿ. ಬೇಕಾದರೆ ಆ ಅಂಚಿನ ಹಳೆ ಕಾಂಕ್ರೀಟನ್ನು ಕಟರ್‌ನಲ್ಲಿ ಕೊಯ್ದು ತೆಗೆಸಿ. ಕಣ್ಣಳತೆ ಬೇಡ, ಪೈಪಿನಲ್ಲಿ ನೀರು ಹಿಡಿದು ಲೆವೆಲ್ ನೋಡಲಿ. ಜಾಲರಿ ಬೀಡು ಕಬ್ಬಿಣದ್ದು, ಕೈಯಲ್ಲಿ ಎತ್ತುವ ಹಾಗಿರಬೇಕು.

ಕಾಲುವೆಯಿಂದ ನೀರು ನೇರ ಪೈಪಿಗೆ ಹೋಗಬಾರದು. ನಮ್ಮ ಕೆಂಪು ಮಣ್ಣು ಒಂದೇ ಮಳೆಗಾಲದಲ್ಲಿ ಪೈಪ್ ಕಟ್ಟಿಸಿಬಿಡುತ್ತದೆ. ಕಾಲುವೆಯ ತುದಿಯಲ್ಲಿ ಒಂದು ಗುಂಡಿ ಕಟ್ಟಿಸಿ, ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಎರಡಡಿ ಆಳ. ನೀರು ಹೊರಹೋಗುವ ನಾಲ್ಕು ಇಂಚಿನ ಪೈಪನ್ನು ಗುಂಡಿಯ ತಳದಿಂದ ಒಂದಡಿ ಮೇಲೆ ಕೂರಿಸಿ. ಒಳಗಿನ ಬಾಯಿಗೆ ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿಸಿ. ಅದರ ಕೆಳಗಿನ ಬಾಯಿ ಯಾವಾಗಲೂ ನೀರಿನಲ್ಲಿ ಮುಳುಗಿರಬೇಕು, ಮೇಲಿನದು ತೆರೆದೇ ಇರಲಿ. ಮಣ್ಣು ಭಾರ, ತಳಕ್ಕೆ ಕೂರುತ್ತದೆ. ಎಣ್ಣೆ ಹಗುರ, ಮೇಲೆ ತೇಲುತ್ತದೆ. ಟೀ ಎಳೆದುಕೊಳ್ಳುವುದು ನಡುವಿನ ನೀರನ್ನು. ಇಷ್ಟು ಸರಳ ಉಪಾಯ, ಆದರೂ ಮಾಡಿಸುವವರು ಕಮ್ಮಿ. ಮಣ್ಣು ಅರ್ಧ ಗೇಣು ಕೂತಾಗ ಬಾಚಿ ತೆಗೆಯಿರಿ. ತೇಲುವ ಎಣ್ಣೆಗೆ ಹಳೆ ಬಟ್ಟೆ ಸಾಕು. ನೆಲಕ್ಕೆ ಎಂಜಿನ್ ಆಯಿಲ್ ಚೆಲ್ಲಿದರೆ ನೀರು ಹಾಕಬೇಡಿ, ಮರದ ಪುಡಿ ಹಾಕಿ ಗುಡಿಸಿ. ಪೆಟ್ರೋಲ್ ಅಂತೂ ಹತ್ತಿರ ಸುಳಿಯಬಾರದು. ಅದರ ಆವಿ ಗಾಳಿಗಿಂತ ಭಾರ, ಇಂಥ ಗುಂಡಿಗಳಲ್ಲಿ ಕೂತು ಕಿಡಿಗೆ ಕಾಯುತ್ತದೆ.

ಇನ್ನು ಸೆಪ್ಟಿಕ್ ಟ್ಯಾಂಕ್. ಅದು ನಡೆಯುವುದು ಬ್ಯಾಕ್ಟೀರಿಯಾದಿಂದ, ಎಣ್ಣೆ ಅದಕ್ಕೆ ಆಗಿಬರುವುದಿಲ್ಲ. ಮಣ್ಣು ಟ್ಯಾಂಕ್ ತುಂಬಿಸುತ್ತದೆ. ಮಳೆ ನೀರು ರಭಸದಲ್ಲಿ ಬಂದರೆ ತಳದಲ್ಲಿ ಕೂತ ಹೊಲಸೆಲ್ಲ ಕದಡಿ ಇಂಗುಗುಂಡಿಗೆ ಹೋಗಿ ಅದೂ ಕಟ್ಟುತ್ತದೆ. ಆಮೇಲೆ ಕಷ್ಟ ಬಚ್ಚಲುಮನೆಯಲ್ಲಿ ಗೊತ್ತಾಗುತ್ತದೆ.

ಹಾಗಾದರೆ ನೀರು ಎಲ್ಲಿಗೆ? ಶೆಡ್‌ಗಿಂತ ತಗ್ಗಿನಲ್ಲಿ ಹುಲ್ಲು ಬೆಳೆದ ಜಾಗಕ್ಕೆ, ಪೈಪಿನ ಬಾಯಿಯಲ್ಲಿ ಕಲ್ಲು ಹಾಸಿ ಬಿಡುವುದು ಒಳ್ಳೆಯದು. ಪಕ್ಕದವರ ಗದ್ದೆಗಲ್ಲ, ಜಗಳಕ್ಕೆ ಅದೊಂದು ಸಾಕು. ನೇರ ತೋಡಿಗೂ ಬೇಡ, ನಮ್ಮ ಜಿಲ್ಲೆಯ ಬಹುಪಾಲು ತೋಡುಗಳ ನೀರು ಸೇರುವುದು ಕಾವೇರಿಗೆ ಅಲ್ವಾ. ಇಂಗುಗುಂಡಿ ಮಾಡುವುದಾದರೆ ಬಾವಿಯಿಂದ 60 ಅಡಿಯಾದರೂ ದೂರ ಇರಲಿ. ಬರೆಯ ತಲೆಯ ಮೇಲಾಗಲಿ, ತಡೆಗೋಡೆಯ ಹಿಂದಾಗಲಿ ಇಂಗುಗುಂಡಿ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ನೀರು ಕುಡಿದ ಮಣ್ಣು ಹೇಗಿರುತ್ತದೆ ಅಂತ ಹೇಳಬೇಕಿಲ್ಲ.

ಪೈಪ್ ಬಯಲಿಗೆ ತೆರೆಯುವುದಾದ್ದರಿಂದ ಬಚ್ಚಲಿನ ಹಾಗೆ ವಾಸನೆ ತಡೆಯುವ ನಹಾನಿ ಟ್ರ್ಯಾಪ್ ಬೇಕಿಲ್ಲ. ಹೊರಗಿನ ಬಾಯಿಗೆ ಒಂದು ಬಲೆ ಮಾತ್ರ ಕಟ್ಟಿ. ಇಲ್ಲದಿದ್ದರೆ ಮೊದಲು ಕಪ್ಪೆ ಬರುತ್ತದೆ, ಕಪ್ಪೆಯ ಹಿಂದೆ ಹಾವು.

ಕೆಲಸ ಯಾವಾಗ? ಕಾಫಿ ಕೊಯ್ಲು ಮುಗಿಯುವವರೆಗೆ ಆಳು ಸಿಗುವುದಿಲ್ಲ. ಮಾರ್ಚ್ ಸರಿಯಾದ ಸಮಯ. ಪೈಪ್ ಮೇಲೆ ಮಣ್ಣು ಮುಚ್ಚುವ ಮೊದಲು ಗುಂಡಿಗೆ ಹತ್ತು ಬಿಂದಿಗೆ ನೀರು ಸುರಿಸಿ, ಜೋಡಣೆ ಸೋರುತ್ತದಾ ನೋಡಿ. ಕಾಂಕ್ರೀಟ್‌ಗೆ ಹತ್ತು ದಿನ ನೀರು ಹಾಕಿ. ಮೂರು ವಾರ ಜೀಪ್ ಹೊರಗೇ ಇರಲಿ. ಕಾಫಿ ಹೂ ಅರಳಿಸುವ ಹೂ ಮಳೆ ಬಂದರೆ ಟಾರ್ಪಾಲ್ ಹೊದಿಸಿದರಾಯಿತು.