200ರಿಂದ 266ಕ್ಕೆ: ಹಳೇ ಡೆಸ್ಕ್‌ಟಾಪ್ ಓವರ್‌ಕ್ಲಾಕಿಂಗ್ ಟಿಪ್ಪಣಿ

ನಮ್ಮ ಮನೆ ಅಟ್ಟದ ಮೇಲೆ ಒಂದು ಹಳೇ ಡೆಸ್ಕ್‌ಟಾಪ್ ಬಿದ್ದಿತ್ತು. ಒಳಗೆ 2008ರಲ್ಲಿ ಬಂದ ಪೆಂಟಿಯಂ ಡ್ಯುಯಲ್ ಕೋರ್ ಇ5200 ಪ್ರೊಸೆಸರ್, 2 ಜಿಬಿ ಡಿಡಿಆರ್2 ರ‍್ಯಾಮ್. ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳಿದ. ಕೊಡಲಿಲ್ಲ. ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರನ್ನು ಕಂಪನಿ ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ವೇಗಕ್ಕೆ ಓಡಿಸುವುದನ್ನು ಕಲಿಯೋಕೆ ಇಂಥದ್ದೇ ಬೇಕು. ಸುಟ್ಟು ಹೋದರೂ ಹೊಟ್ಟೆ ಉರಿಯಬಾರದು, ಅದೇ ಮೊದಲ ಅರ್ಹತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಳೇ ಯಂತ್ರ ಚುರುಕಾಗಬೇಕು ಅನ್ನೋದಷ್ಟೇ ನಿಮ್ಮ ಆಸೆಯಾಗಿದ್ದರೆ ಒಂದು ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 4 ಜಿಬಿ ಮಾಡಿ, ಸಾಕು. ಓವರ್‌ಕ್ಲಾಕಿಂಗ್‌ನಿಂದ ಸಿಗುವ ವೇಗಕ್ಕಿಂತ ಅದು ಜಾಸ್ತಿ ಕಣ್ಣಿಗೆ ಕಾಣುತ್ತದೆ. ಈ ಟಿಪ್ಪಣಿ ಒಳಗೇನು ನಡೆಯುತ್ತದೆ ಅಂತ ಕೈಯಾರೆ ಬಿಚ್ಚಿ ನೋಡಬೇಕು ಅನ್ನುವವರಿಗೆ.

ತಾಳ ಹಾಕುವವನು ಒಬ್ಬನೇ

ಬಸ್ ಅಂದರೆ ಪ್ರೊಸೆಸರ್ ಬೋರ್ಡ್‌ನ ಉಳಿದ ಭಾಗಗಳ ಜೊತೆ ಮಾತಾಡುವ ದಾರಿ, ಮಲ್ಟಿಪ್ಲೈಯರ್ ಅಂದರೆ ಅದರ ವೇಗವನ್ನು ಗುಣಿಸುವ ಸಂಖ್ಯೆ. ಲೆಕ್ಕ ಒಂದೇ ಸಾಲು. ಬಸ್ ವೇಗವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಪ್ರೊಸೆಸರ್ ವೇಗ. ಇ5200ರಲ್ಲಿ 200 × 12.5 = 2500 ಮೆಗಾಹರ್ಟ್ಸ್, ಅಂದರೆ 2.5 ಗಿಗಾಹರ್ಟ್ಸ್. ಡಬ್ಬಿಯ ಮೇಲೆ ಬಸ್ 800 ಅಂತ ಇರುತ್ತದೆ. ಗಾಬರಿ ಬೇಡ. ಈ ಬಸ್ ಒಂದು ಗಡಿಯಾರದ ಬಡಿತಕ್ಕೆ ನಾಲ್ಕು ಸಲ ಡೇಟಾ ಕಳಿಸುತ್ತದೆ, 200ರ ನಾಲ್ಕರಷ್ಟು 800. ನಮ್ಮ ಲೆಕ್ಕಕ್ಕೆ ಬೇಕಾದ್ದು 200 ಮಾತ್ರ.

ಮಲ್ಟಿಪ್ಲೈಯರ್ ಅನ್ನು 12.5ಕ್ಕಿಂತ ಮೇಲೆ ಏರಿಸೋಕೆ ಆಗಲ್ಲ, ಇಂಟೆಲ್ ಬೀಗ ಹಾಕಿದೆ. ಕೆಳಗೆ ಇಳಿಸಬಹುದು. ಯಂತ್ರ ಸುಮ್ನೆ ಕೂತಿದ್ದಾಗ ತಾನೇ 6ಕ್ಕೆ ಇಳಿಸಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಸಿಪಿಯು-ಝಡ್‌ನಲ್ಲಿ (ಪ್ರೊಸೆಸರ್‌ನ ವೇಗ ತೋರಿಸುವ ತಂತ್ರಾಂಶ) 1200 ನೋಡಿ, ‘ಮಾರಿದವನು ಮೋಸ ಮಾಡಿದ್ದಾನೆ’ ಅಂತ ಒಂದು ದಿನ ಅಂದುಕೊಂಡಿದ್ದೆ. ಏನಾದರೂ ಕೆಲಸ ಕೊಟ್ಟ ಕೂಡಲೇ 2500 ತೋರಿಸಿತು.

ಹಾಗಾಗಿ ನಮ್ಮ ಕೈಯಲ್ಲಿ ಉಳಿಯುವುದು ಬಸ್ ಒಂದೇ. ತೊಂದರೆ ಶುರುವಾಗುವುದೂ ಅಲ್ಲೇ. ಭಜನೆಯಲ್ಲಿ ತಾಳ ಹಾಕುವವನು ಕಾಲ ಏರಿಸಿದರೆ ಹಾಡುವವರು, ಹಾರ್ಮೋನಿಯಂ, ತಬಲ ಎಲ್ಲರೂ ಓಡಬೇಕಾಗುತ್ತದೆ ಅಲ್ವಾ? ಬಸ್ ಗಡಿಯಾರವೂ ಹಾಗೇ. ಪ್ರೊಸೆಸರ್ ಜೊತೆಗೆ ನಾರ್ತ್‌ಬ್ರಿಡ್ಜ್ (ಪ್ರೊಸೆಸರನ್ನು ಮೆಮೊರಿಗೆ ಜೋಡಿಸುವ ಚಿಪ್) ಮತ್ತು ರ‍್ಯಾಮ್ ಅದೇ ತಾಳಕ್ಕೆ ಕುಣಿಯುತ್ತವೆ. ಹಳೇ ಬೋರ್ಡ್‌ಗಳಲ್ಲಿ ಪಿಸಿಐ (ಕಾರ್ಡ್‌ಗಳು, ಡಿಸ್ಕ್‌ಗಳು ಮಾತಾಡುವ ದಾರಿ) ಕೂಡ. ಯಾರೋ ಒಬ್ಬರಿಗೆ ಉಸಿರು ಕಟ್ಟುತ್ತದೆ. ಆ ಒಬ್ಬರು ಯಾರು ಅಂತ ಕಂಡುಹಿಡಿಯುವುದೇ ಈ ಹವ್ಯಾಸ.

ಸೆಲೆರಾನ್ 300ಎ ಯಾಕೆ ಗೆದ್ದಿತು

ಇದಕ್ಕೆ ಒಳ್ಳೆಯ ಪಾಠ 1998ರ ಆಗಸ್ಟ್‌ನಲ್ಲಿ ಬಂದ ಇಂಟೆಲ್‌ನ ಅಗ್ಗದ ಪ್ರೊಸೆಸರ್ ಸೆಲೆರಾನ್ 300ಎ. ಅದರ ಬಸ್ 66, ಮಲ್ಟಿಪ್ಲೈಯರ್ 4.5, ಒಟ್ಟು 300 ಮೆಗಾಹರ್ಟ್ಸ್. ಬಸ್ 100 ಮಾಡಿದರೆ ನೇರ 450. ಅದೇ ತಿಂಗಳು ಬಂದ ದುಬಾರಿ ಪೆಂಟಿಯಂ 2ರ ವೇಗವೂ 450ನೇ. ಅಗ್ಗದ ಚಿಪ್ ದುಬಾರಿಯದ್ದರ ಪಕ್ಕ ನಿಂತುಬಿಟ್ಟಿತು. ಇನ್ನೊಂದು ಸಂಗತಿಯೂ ಇತ್ತು. ಪೆಂಟಿಯಂ 2ರಲ್ಲಿ 512 ಕೆಬಿ ಎಲ್2 ಕ್ಯಾಶ್ (ಪ್ರೊಸೆಸರ್‌ಗೆ ಹತ್ತಿರ ಇರುವ ಪುಟ್ಟ, ವೇಗದ ಮೆಮೊರಿ) ಇದ್ದರೂ ಅದು ಪ್ರೊಸೆಸರ್‌ನ ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನ್‌ನಲ್ಲಿ ಇದ್ದದ್ದು 128 ಕೆಬಿ ಮಾತ್ರ, ಆದರೆ ಅದು ಚಿಪ್‌ನ ಒಳಗೇ ಇದ್ದು ಪೂರ್ತಿ ವೇಗದಲ್ಲಿ ಓಡುತ್ತಿತ್ತು.

ಆದರೆ ನಾವು ಗಮನಿಸಬೇಕಾದ್ದು ಬೇರೆ. 66ರಿಂದ 83ಕ್ಕೆ ಏರಿಸಿದವರಿಗೆ ಎಷ್ಟೋ ಸಲ ಕಾಟ ಆಗುತ್ತಿತ್ತು, 100ಕ್ಕೆ ಏರಿಸಿದವರು ಆರಾಮಾಗಿದ್ದರು. ತಲೆಕೆಳಗು ಅನ್ನಿಸುತ್ತದೆ ಅಲ್ವಾ? ಕಾರಣ ಭಾಗಾಕಾರ. ಪಿಸಿಐ 33 ಮೆಗಾಹರ್ಟ್ಸ್‌ನಲ್ಲಿ ಓಡಬೇಕು. ಬಸ್ 66 ಇದ್ದಾಗ ಬೋರ್ಡ್ ಅದನ್ನು ಎರಡರಿಂದ ಭಾಗಿಸಿ 33 ಕೊಡುತ್ತದೆ. 83ನ್ನೂ ಎರಡರಿಂದಲೇ ಭಾಗಿಸಿದರೆ 41.5. ಆ ವೇಗಕ್ಕೆ ಕೆಲವು ಹಾರ್ಡ್ ಡಿಸ್ಕ್‌ಗಳು ಫೈಲ್‌ಗಳನ್ನೇ ಕೆಡಿಸುತ್ತಿದ್ದವು. 100 ಆದಾಗ 440ಬಿಎಕ್ಸ್ ಚಿಪ್‌ಸೆಟ್‌ನ ಬೋರ್ಡ್ ಮೂರರಿಂದ ಭಾಗಿಸುತ್ತದೆ, ಮತ್ತೆ 33. ಪ್ರೊಸೆಸರ್ ಒಂದನ್ನು ಬಿಟ್ಟು ಉಳಿದವರೆಲ್ಲ ತಮ್ಮ ತಮ್ಮ ಮಾಮೂಲಿ ವೇಗಕ್ಕೆ ವಾಪಸ್ಸು.

ಈ ಪಾಠವನ್ನು ಇ5200ಕ್ಕೆ ಹೊಂದಿಸಿ ನೋಡಿ. 200ರ ನಂತರ ಈ ಬೋರ್ಡ್‌ಗಳಿಗೆ ಪರಿಚಯ ಇರುವ ಮುಂದಿನ ಮೆಟ್ಟಿಲು 266. ಅಲ್ಲಿಗೆ 266 × 12.5, ಅಂದಾಜು 3.33 ಗಿಗಾಹರ್ಟ್ಸ್. ಚಿಪ್ ತಡೆದುಕೊಳ್ಳುತ್ತಾ? ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಇ5200 ಮತ್ತು 3 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೋ ಇ8400, ಎರಡೂ ಒಂದೇ 45 ನ್ಯಾನೋಮೀಟರ್ ಕುಟುಂಬದವು. ಇ5200 ಅನ್ನು ಕ್ಯಾಶ್ ಕಡಿಮೆ, ವೇಗ ಕಡಿಮೆ ಇಟ್ಟು ಅಗ್ಗಕ್ಕೆ ಮಾರಿದ್ದು. ನಾವು ಹುಡುಕುವುದು ಆ ಉಳಿಕೆಯನ್ನು.

ನನ್ನ ಕಪ್ಪು ಪರದೆ

ಮೊದಲ ದಿನ ನಾನು ಬಯಾಸ್‌ಗೆ (ಯಂತ್ರ ಏಳುವಾಗ ಮೊದಲು ಓಡುವ, ಬೋರ್ಡ್‌ನ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ಹೋಗಿ 200 ಅಳಿಸಿ 266 ಬರೆದೆ, ಸೇವ್ ಮಾಡಿದೆ. ಫ್ಯಾನ್ ತಿರುಗಿತು, ಪರದೆ ಕಪ್ಪು. ಚಿಪ್ ಸುಟ್ಟೆ ಅಂತಲೇ ಅಂದುಕೊಂಡೆ.

ಸುಟ್ಟಿರಲಿಲ್ಲ. ಕಾಲ್ತೆಗೆದದ್ದು ರ‍್ಯಾಮ್. ನನ್ನದು ಡಿಡಿಆರ್2 800, ಅದು ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ, ಅಂದರೆ ನಿಜವಾದ ಗಡಿಯಾರ 400. ಬಸ್ 200 ಇದ್ದಾಗ ಬಸ್‌ಗೂ ಅದಕ್ಕೂ ಅನುಪಾತ 1:2. ಅದೇ ಅನುಪಾತ ಇಟ್ಟುಕೊಂಡು ಬಸ್ 266 ಮಾಡಿದರೆ ರ‍್ಯಾಮ್ 533ಕ್ಕೆ ಓಡಬೇಕು, ಅಂದರೆ ಡಿಡಿಆರ್2 1066. ಪಾಪ, ಅದರ ಕೈಲಿ ಆಗಲಿಲ್ಲ. ಅನುಪಾತ 2:3 ಮಾಡಿದರೆ 266ಕ್ಕೆ ಸರಿಯಾಗಿ 400 ಬರುತ್ತದೆ. ನೋಡಿ, ಇಲ್ಲೂ ಅದೇ ಭಾಗಾಕಾರದ ಆಟ.

ಕಪ್ಪು ಪರದೆಯಿಂದ ವಾಪಸ್ಸು ಬರುವ ದಾರಿ: ಪ್ಲಗ್ ಕಿತ್ತು ಹಾಕಿ, ಪವರ್ ಬಟನ್ ಒಂದೆರಡು ಸಲ ಒತ್ತಿ, ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ತೆಗೆದು ಹತ್ತು ನಿಮಿಷ ಬಿಡಿ. ಸೆಲ್ ಪಕ್ಕ ಮೂರು ಪಿನ್ನಿನ ಜಂಪರ್ (ಪಿನ್‌ಗಳನ್ನು ಜೋಡಿಸುವ ಪುಟ್ಟ ಟೋಪಿ) ಇದ್ದರೆ ಇನ್ನೂ ಸುಲಭ. ಬಯಾಸ್ ಎಲ್ಲ ಮರೆತು ಮೊದಲಿನಂತೆ ಏಳುತ್ತದೆ. ಇದನ್ನು ಓವರ್‌ಕ್ಲಾಕ್ ಮಾಡುವ ಮುಂಚೆಯೇ ಒಂದು ಸಲ ಅಭ್ಯಾಸ ಮಾಡಿಕೊಳ್ಳಿ. ಪಿಸಿಐ ಎಕ್ಸ್‌ಪ್ರೆಸ್ (ಪಿಸಿಐನ ಹೊಸ ಪೀಳಿಗೆ) 100ಕ್ಕೆ ಮತ್ತು ಪಿಸಿಐ 33ಕ್ಕೆ ಲಾಕ್ ಆಗಿವೆಯಾ ಅಂತಲೂ ಆಗಲೇ ನೋಡಿಕೊಳ್ಳಿ. ಡಿಸ್ಕ್‌ನಲ್ಲಿ ಮನೆಯವರ ಫೋಟೋ ಇದ್ದರೆ ಬೇರೆ ಕಡೆ ನಕಲು ಮಾಡಿ, ಆಮೇಲೆ ಕೈ ಹಾಕಿ.

ವೋಲ್ಟೇಜ್ ಮತ್ತು ಬಿಸಿ

ವೇಗ ಏರಿದಷ್ಟೂ ಟ್ರಾನ್ಸಿಸ್ಟರ್‌ಗಳು ಬೇಗ ಬೇಗ ಸ್ಥಿತಿ ಬದಲಿಸಬೇಕು. ವೋಲ್ಟೇಜ್ ಜಾಸ್ತಿ ಕೊಟ್ಟರೆ ಬೇಗ ಬದಲಿಸುತ್ತವೆ. ಬೆಲೆ ಮಾತ್ರ ಬಿಸಿ. ವಿದ್ಯುತ್ ಖರ್ಚು ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ನನ್ನ ಚಿಪ್‌ನ ಮಾಮೂಲಿ ವೋಲ್ಟೇಜ್ 1.25, ನಾನು ಇಟ್ಟದ್ದು 1.30. ವೋಲ್ಟೇಜ್‌ನಿಂದ 1.08 ಪಟ್ಟು, ವೇಗದಿಂದ 1.33 ಪಟ್ಟು, ಗುಣಿಸಿದರೆ 1.44. ವೇಗ ಮೂರನೇ ಒಂದು ಪಾಲು ಏರಿಸೋಕೆ ಹೋಗಿ ಬಿಸಿ ಹತ್ತಿರ ಹತ್ತಿರ ಅರ್ಧದಷ್ಟು ಏರಿತು. ಈ ಚಿಪ್‌ಗೆ ಇಂಟೆಲ್ ಹಾಕಿರುವ ಗೆರೆ 1.3625 ವೋಲ್ಟ್. ಅದನ್ನು ದಾಟುವ ಯೋಚನೆ ನನಗೆ ಬರಲಿಲ್ಲ, ನಿಮಗೂ ಬೇಡ.

ಮೊದಲು ವೋಲ್ಟೇಜ್ ಮುಟ್ಟದೆ ನೋಡಿ. ನನ್ನದು 1.25ರಲ್ಲೇ ಬೂಟ್ ಆಯಿತು, ಆದರೆ ಮುಂದೆ ಹೇಳುವ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷಕ್ಕೆ ಬಿತ್ತು. ಬಯಾಸ್‌ನಲ್ಲಿ 1.30 ಇಟ್ಟರೂ ಕೆಲಸ ಬಿದ್ದಾಗ ಸಿಪಿಯು-ಝಡ್ 1.26 ತೋರಿಸುತ್ತಿತ್ತು. ಭಾರ ಬಿದ್ದಾಗ ವೋಲ್ಟೇಜ್ ಹೀಗೆ ಸ್ವಲ್ಪ ಕುಸಿಯುವುದು ಈ ಬೋರ್ಡ್‌ಗಳಲ್ಲಿ ಮಾಮೂಲು.

ಇಷ್ಟೆಲ್ಲ ಆಗುವ ಮುಂಚೆ ಕೂಲರ್ ಬಿಚ್ಚಿದ್ದೆ. ಹೀಟ್‌ಸಿಂಕ್‌ನ ರೆಕ್ಕೆಗಳ ಮಧ್ಯೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಥರ್ಮಲ್ ಪೇಸ್ಟ್ ಒಣಗಿ ವಿಭೂತಿ ಉಂಡೆ ಆಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಬಟಾಣಿಗಿಂತ ಸಣ್ಣ ಚುಕ್ಕೆ ಹೊಸ ಪೇಸ್ಟ್ ಹಾಕಿದೆ. ದೋಸೆಗೆ ಬೆಣ್ಣೆ ಸವರಿದ ಹಾಗೆ ಮೆತ್ತಬೇಡಿ. ಪೇಸ್ಟ್ ಇರುವುದು ಎರಡು ಲೋಹಗಳ ನಡುವಿನ ಗಾಳಿ ಸಂದು ತುಂಬೋಕೆ ಮಾತ್ರ. ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳನ್ನು ಎದುರು ಬದುರು ಜೋಡಿಯಾಗಿ ಒತ್ತಿ, ಬೋರ್ಡ್ ಹಿಂದೆ ಬೆರಳಾಡಿಸಿ ನಾಲ್ಕೂ ಕೂತಿವೆಯಾ ನೋಡಿ. ಬರೀ ಈ ಸೇವೆಯಿಂದಲೇ ನನಗೆ 11 ಡಿಗ್ರಿ ಇಳಿಯಿತು.

ಬೋರ್ಡ್ ಮೇಲಿನ ಕೆಪಾಸಿಟರ್‌ಗಳ (ಚಾರ್ಜ್ ಹಿಡಿದಿಡುವ ಪುಟ್ಟ ಡಬ್ಬಿಗಳು) ತಲೆ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ) ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು.

ನಿಂತಿದೆ ಅಂತ ಹೇಳೋದು ಯಾವಾಗ

ಬೂಟ್ ಆದರೆ ಪಾಸ್ ಅಲ್ಲ. ಮೊದಲು ಮೆಮ್‌ಟೆಸ್ಟ್86+ ಹಾಕಿ ರ‍್ಯಾಮ್ ನೋಡಿ. ಆಮೇಲೆ ಪ್ರೈಮ್95. ಇದು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕೋಕೆ ಮಾಡಿದ ತಂತ್ರಾಂಶ. ಭಾರೀ ಸಂಖ್ಯೆಗಳನ್ನು ದಶಾಂಶದ ಲೆಕ್ಕದಲ್ಲಿ ಗುಣಿಸುತ್ತದೆ, ಕೊನೆಗೆ ಬರುವ ಉತ್ತರ ಪೂರ್ಣ ಸಂಖ್ಯೆಗೆ ತೀರಾ ಹತ್ತಿರ ಇರಬೇಕು. ಚಿಪ್ ಎಲ್ಲೋ ಒಂದು ಬಿಟ್ ತಪ್ಪಿದರೆ ಉತ್ತರ ನಡುವೆ ಎಲ್ಲೋ ಬಂದು ಬೀಳುತ್ತದೆ. ಆಗ ‘ರೌಂಡಿಂಗ್ 0.5 ಬಂತು, 0.4ಕ್ಕಿಂತ ಕಮ್ಮಿ ಇರಬೇಕಿತ್ತು’ ಅನ್ನುವ ಅರ್ಥದ ದೂರು ಬಂದು ಪರೀಕ್ಷೆ ನಿಲ್ಲುತ್ತದೆ. ಯಂತ್ರ ಹ್ಯಾಂಗ್ ಆಗದೆ, ನೀಲಿ ಪರದೆ ಬರದೆ, ಸದ್ದಿಲ್ಲದೆ ತಪ್ಪು ಲೆಕ್ಕ ಮಾಡುವುದನ್ನು ಇದು ಹಿಡಿಯುತ್ತದೆ. ನನಗೆ ಭಯ ಇರುವುದೂ ಅಂಥ ತಪ್ಪಿನ ಬಗ್ಗೆಯೇ.

ತಾಪಮಾನ ತೋರಿಸುವ ತಂತ್ರಾಂಶಗಳ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ಈ ಚಿಪ್‌ನ ಸೆನ್ಸರ್ ‘ಗರಿಷ್ಠ ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ’ ಅಂತ ಮಾತ್ರ ಹೇಳುತ್ತದೆ. ತಂತ್ರಾಂಶ ಒಂದು ಮಿತಿಯನ್ನು ಊಹಿಸಿಕೊಂಡು ಅದರಿಂದ ಕಳೆಯುತ್ತದೆ. ಊಹೆ ತಪ್ಪಿದರೆ ಎಲ್ಲವೂ ತಪ್ಪು. ಹಾಗಾಗಿ ನಾನು ಬಾಕಿ ಡಿಗ್ರಿಯನ್ನೇ ಬರೆದಿಟ್ಟುಕೊಳ್ಳುತ್ತೇನೆ, ಪಕ್ಕದಲ್ಲಿ ಕೋಣೆಯ ತಾಪಮಾನ.

1.30 ವೋಲ್ಟ್‌ನಲ್ಲಿ ರಾತ್ರಿಯಿಡೀ, ಎಂಟು ಗಂಟೆ ನಿಂತಿತು. ಒಂದು ವಿಡಿಯೋವನ್ನು ಬೇರೆ ಫಾರ್ಮ್ಯಾಟ್‌ಗೆ ಬದಲಾಯಿಸೋಕೆ ಮೊದಲು 10 ನಿಮಿಷ 20 ಸೆಕೆಂಡ್ ಬೇಕಿತ್ತು, ಈಗ 7 ನಿಮಿಷ 55 ಸೆಕೆಂಡ್. ಬ್ರೌಸರ್ ತೆರೆಯುವುದರಲ್ಲಿ? ವ್ಯತ್ಯಾಸ ನನ್ನ ಕಣ್ಣಿಗೆ ಬೀಳಲಿಲ್ಲ.

ಬಯಾಸ್ ಬಿಟ್ಟುಕೊಡದಿದ್ದರೆ

ಆಫೀಸಿಗೆ ಅಂತ ಮಾಡಿದ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ ಬಸ್ ಬದಲಿಸುವ ಜಾಗವೇ ಇರುವುದಿಲ್ಲ. ಅಲ್ಲಿ ಹಳಬರು ಬೇರೆ ದಾರಿ ಹಿಡಿದರು. ಪ್ರೊಸೆಸರ್‌ನ ಕೆಳಗೆ ಬಿಎಸ್‌ಇಎಲ್ ಅನ್ನುವ ಮೂರು ಸಂಪರ್ಕಗಳಿವೆ. ‘ನನಗೆ ಇಷ್ಟು ಬಸ್ ಬೇಕು’ ಅಂತ ಚಿಪ್ ಬೋರ್ಡ್‌ಗೆ ಹೇಳುವುದು ಇವುಗಳ ಮೂಲಕ. 200ಕ್ಕೆ ನಡುವಿನದು ಮಾತ್ರ ಮೇಲಿನ ಮಟ್ಟದಲ್ಲಿರುತ್ತದೆ, 266ಕ್ಕೆ ಮೂರೂ ಕೆಳಗೆ. ಆ ಒಂದನ್ನು ಪಕ್ಕದ ಗ್ರೌಂಡ್‌ಗೆ ವಿದ್ಯುತ್ ಹರಿಸುವ ಬಣ್ಣದಿಂದ ಜೋಡಿಸಿದರೆ ಬೋರ್ಡ್ ತಾನಾಗಿಯೇ 266 ಕೊಡುತ್ತದೆ. 2000ದ ಸುಮಾರಿಗೆ ಎಎಂಡಿಯ ಡ್ಯುರಾನ್, ಥಂಡರ್‌ಬರ್ಡ್ ಚಿಪ್‌ಗಳ ಮೇಲೆ ಪೆನ್ಸಿಲ್ ಗೀಚಿ ಮಲ್ಟಿಪ್ಲೈಯರ್ ಬೀಗ ತೆಗೆಯುತ್ತಿದ್ದುದೂ ಇದೇ ಜಾತಿಯ ಉಪಾಯ. ಪೆನ್ಸಿಲ್‌ನ ಗ್ರಾಫೈಟ್ ವಿದ್ಯುತ್ ಹರಿಸುತ್ತದಲ್ಲ, ಚಿಪ್ ಮೇಲೆ ತುಂಡಾದ ಸೇತುವೆಗೆ, ಅಂದರೆ ಕಡಿದ ಸಂಪರ್ಕಕ್ಕೆ, ಅಷ್ಟು ಸಾಕು. ಬಿಎಸ್‌ಇಎಲ್ ಉಪಾಯವನ್ನು ನಾನು ಮಾಡಿಲ್ಲ. ಕೈ ನಡುಗಿದರೆ ಪಕ್ಕದ ಸಂಪರ್ಕಕ್ಕೆ ಬಣ್ಣ ತಾಗುತ್ತದೆ, ಮೇಲಾಗಿ ಅಂಥ ಬೋರ್ಡ್‌ಗಳಲ್ಲಿ ವೋಲ್ಟೇಜ್ ಏರಿಸೋಕೂ ದಾರಿ ಇರಲ್ಲ.

ಏಪ್ರಿಲ್

ಜನವರಿಯಲ್ಲಿ ಎಂಟು ಗಂಟೆ ನಿಂತ ಯಂತ್ರ ಏಪ್ರಿಲ್‌ನಲ್ಲಿ ಎರಡು ಗಂಟೆಗೇ ತಪ್ಪು ಲೆಕ್ಕ ಕೊಟ್ಟಿತು. ಸೆಟ್ಟಿಂಗ್ ಯಾವುದೂ ಬದಲಾಗಿರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದರೆ ಕೋಣೆಯ ತಾಪಮಾನ ಜನವರಿಯಲ್ಲಿ 24, ಈಗ 35. ಕೂಲರ್ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ ಅಷ್ಟೆ, ಗಾಳಿಯೇ 11 ಡಿಗ್ರಿ ಬಿಸಿ ಇದ್ದರೆ ಚಿಪ್ ಕೂಡ ಅಷ್ಟೇ ಮೇಲೆ ಕೂರುತ್ತದೆ. ಪೇಸ್ಟ್ ಬದಲಿಸಿ ಗಳಿಸಿದ 11 ಡಿಗ್ರಿಯನ್ನು ಬೇಸಿಗೆ ಒಂದೇ ಏಟಿಗೆ ವಾಪಸ್ಸು ಪಡೆಯಿತು.

ದೊಡ್ಡ ಕೂಲರ್‌ಗೆ ದುಡ್ಡು ಹಾಕುವ ಬದಲು ಬಸ್ 250ಕ್ಕೆ ಇಳಿಸಿದೆ, ವೋಲ್ಟೇಜ್ ಮಾಮೂಲಿ 1.25ಕ್ಕೆ. 250 × 12.5, 3.125 ಗಿಗಾಹರ್ಟ್ಸ್. 2:3ರ ಅನುಪಾತದಲ್ಲಿ ರ‍್ಯಾಮ್ 375ರಲ್ಲಿ, ಅಂದರೆ ಡಿಡಿಆರ್2 750ರಲ್ಲಿ ಓಡುತ್ತಿದೆ. ಮಧ್ಯಾಹ್ನದ ಸೆಕೆಯಲ್ಲೇ ಪ್ರೈಮ್95 ಹಾಕಿ ನೋಡಿದೆ, ಎಂಟು ಗಂಟೆ ದಾಟಿತು. ಮಳೆ ಶುರುವಾದ ಮೇಲೆ ಮತ್ತೆ 266 ಹಾಕಬೇಕು.