‘ಇ.ಯು. ನಿಯೋಗ’ ಎಂದರೇನು? ರಾಯಭಾರ ಕಚೇರಿ ಎಂದು ಯಾಕೆ ಕರೆಯುವುದಿಲ್ಲ?

ನಿಯೋಗ ಎಂದರೆ ನಮಗೆ ನೆನಪಾಗುವುದು ಮನವಿ ಪತ್ರ ಹಿಡಿದು ಮುಖ್ಯಮಂತ್ರಿಯನ್ನು ಕಾಣಲು ಹೋಗುವ ಹತ್ತು ಜನ. ಭೇಟಿ ಆಯಿತು, ಫೋಟೊ ಬಂತು, ನಿಯೋಗ ಮುಗಿಯಿತು. ಹಾಗಾಗಿ ‘ದೆಹಲಿಯಲ್ಲಿರುವ ಯುರೋಪಿಯನ್ ಒಕ್ಕೂಟದ (ಇ.ಯು.) ನಿಯೋಗ’ ಎಂದು ಓದಿದಾಗ ಯಾರೋ ಬಂದಿದ್ದಾರೆ, ನಾಳೆ ಹೋಗ್ತಾರೆ ಅನ್ನಿಸುತ್ತದೆ. ಅವರು ಬಂದದ್ದು 1983ರಲ್ಲಿ. ಇನ್ನೂ ಹೋಗಿಲ್ಲ.

ಇದು ಕಾಯಂ ಕಚೇರಿ. ಇದರ ಮುಖ್ಯಸ್ಥರನ್ನು ರಾಯಭಾರಿ ಎಂದೇ ಕರೆಯುತ್ತಾರೆ. ಬೇರೆ ದೇಶದ ರಾಯಭಾರಿಗಳ ಹಾಗೆಯೇ ಅವರೂ ನಮ್ಮ ರಾಷ್ಟ್ರಪತಿಗೆ ಅಧಿಕಾರ ಪತ್ರ ಕೊಡುತ್ತಾರೆ. ಆದರೂ ಬೋರ್ಡಿನ ಮೇಲೆ ‘ರಾಯಭಾರ ಕಚೇರಿ’ ಎಂದಿರುವುದಿಲ್ಲ. ಕಾರಣ ಸರಳ. ರಾಯಭಾರ ಕಚೇರಿ ತೆರೆಯುವುದು ದೇಶಗಳು. ಯುರೋಪಿಯನ್ ಒಕ್ಕೂಟ ದೇಶವಲ್ಲ, 27 ದೇಶಗಳ ಕೂಟ.

ಇಂಥ ಕಚೇರಿಗಳು ಜಗತ್ತಿನಲ್ಲಿ 140ಕ್ಕೂ ಹೆಚ್ಚಿವೆ. ಮೊದಲು ಇವು ಮುಖ್ಯವಾಗಿ ವ್ಯಾಪಾರ ಮತ್ತು ನೆರವಿನ ಹಣ ನೋಡಿಕೊಳ್ಳುತ್ತಿದ್ದವು. ರಾಜಕೀಯ ಮಾತಿನ ಸರದಿ ಆರು ತಿಂಗಳಿಗೊಮ್ಮೆ ಒಂದೊಂದು ಸದಸ್ಯ ದೇಶದ ರಾಯಭಾರ ಕಚೇರಿಗೆ ಹೋಗುತ್ತಿತ್ತು. ಒಬ್ಬರ ಪರಿಚಯ ಆಗುವಷ್ಟರಲ್ಲಿ ಇನ್ನೊಬ್ಬರು! 2009ರ ಡಿಸೆಂಬರ್ 1ರಂದು, ಒಕ್ಕೂಟದ ಮೂಲ ನಿಯಮಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದ ಜಾರಿಗೆ ಬಂದ ಮೇಲೆ ಆ ಕೆಲಸವೂ ನಿಯೋಗಗಳ ಪಾಲಿಗೆ ಬಂತು. ಅವುಗಳನ್ನು ನಡೆಸಲು ಬ್ರಸೆಲ್ಸ್‌ನಲ್ಲಿ ‘ಯುರೋಪಿಯನ್ ಎಕ್ಸ್‌ಟರ್ನಲ್ ಆಕ್ಷನ್ ಸರ್ವಿಸ್’ ಹುಟ್ಟಿತು. 2011ರಿಂದ ಅದು ಕೆಲಸ ಮಾಡುತ್ತಿದೆ. ಒಂದು ಮಟ್ಟಿಗೆ ಒಕ್ಕೂಟದ ವಿದೇಶಾಂಗ ಇಲಾಖೆ ಅನ್ನಬಹುದು.

ಒಂದು ಮಟ್ಟಿಗೆ ಅಂದದ್ದು ಸುಮ್ನೆ ಅಲ್ಲ. ಬೆಂಗಳೂರಿನಿಂದ ಯುರೋಪ್ ಪ್ರವಾಸ ಹೊರಟವರಿಗೆ ಇದು ಗೊತ್ತಿರುತ್ತದೆ. ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಒಂದೇ, ಆದರೆ ಅದನ್ನು ಕೊಡುವುದು ಇ.ಯು. ನಿಯೋಗವಲ್ಲ. ಜರ್ಮನಿಯಲ್ಲಿ ಜಾಸ್ತಿ ದಿನ ಇರುವುದಾದರೆ ಜರ್ಮನಿಗೆ ಅರ್ಜಿ, ಫ್ರಾನ್ಸ್‌ನಲ್ಲಾದರೆ ಫ್ರಾನ್ಸ್‌ಗೆ.

ಹೆಸರಿನ ಈ ಗೊಂದಲಕ್ಕೆ ಬೆಲೆ ತೆರಬೇಕಾದದ್ದೂ ಉಂಟು. 2018ರ ಡಿಸೆಂಬರ್, ವಾಷಿಂಗ್ಟನ್. ಹಿರಿಯ ಜಾರ್ಜ್ ಬುಷ್ ಅವರ ಅಂತ್ಯಕ್ರಿಯೆ. ರಾಯಭಾರಿಗಳನ್ನು ಹಿರಿತನದ ಕ್ರಮದಲ್ಲಿ ಹೆಸರು ಹಿಡಿದು ಕರೆಯುವುದು ವಾಡಿಕೆ. ಇ.ಯು. ರಾಯಭಾರಿ ಡೇವಿಡ್ ಓ’ಸಲಿವನ್ ಅಲ್ಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಅವರ ಹೆಸರು ಕರೆದದ್ದು ಕೊನೆಗೆ. ಅಮೆರಿಕ ಯಾರಿಗೂ ಹೇಳದೆ ನಿಯೋಗದ ದರ್ಜೆ ಇಳಿಸಿತ್ತು. 2019ರ ಮಾರ್ಚ್‌ನಲ್ಲಿ ಅದನ್ನು ವಾಪಸ್ ಕೊಟ್ಟಿತು. ಬ್ರೆಕ್ಸಿಟ್ ಆಗಿ ಬ್ರಿಟನ್ ಒಕ್ಕೂಟ ಬಿಟ್ಟ ಮೇಲೆ ಲಂಡನ್ ಕೂಡ ‘ನೀವು ಅಂತರರಾಷ್ಟ್ರೀಯ ಸಂಸ್ಥೆ, ದೇಶವಲ್ಲ’ ಎಂದು ಪಟ್ಟು ಹಿಡಿದು, 2021ರ ಮೇನಲ್ಲಿ ಮೆತ್ತಗಾಯಿತು. ಮದುವೆ ಮನೆಯಲ್ಲಿ ಊಟದ ಪಂಕ್ತಿಗೆ ಕರೆಯುವ ಕ್ರಮದಲ್ಲಿ ಎಷ್ಟು ರಾಜಕೀಯ ಇರುತ್ತದೆ ಎಂದು ಬಲ್ಲವರಿಗೆ ಇದೇನು ಹೊಸದಲ್ಲ, ಅಲ್ವಾ?

ಹಾಗಾದರೆ ಈ ಎಕ್ಸ್‌ಟರ್ನಲ್ ಆಕ್ಷನ್ ಸರ್ವಿಸ್ ಎಂಬ ಸೇವೆಯನ್ನು ‘ಬಲಪಡಿಸಬೇಕು’ ಎಂದು ಯುರೋಪಿನಲ್ಲಿ ಹೇಳುವವರು ಏನು ಕೇಳುತ್ತಿದ್ದಾರೆ? ಹೊಸ ಕಟ್ಟಡಗಳನ್ನಂತೂ ಅಲ್ಲ. ನಿಯೋಗದ ಒಳಗೇ ಒಂದು ತೊಡಕಿದೆ. ಮುಖ್ಯಸ್ಥರು ಈ ಸೇವೆಯವರು, ವ್ಯಾಪಾರ ಮತ್ತು ನೆರವು ನೋಡುವ ಸಿಬ್ಬಂದಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ನವರು. ಒಂದೇ ಮನೆ, ಎರಡು ಒಲೆ. ಸೇವೆಯ ಮೇಲ್ದರ್ಜೆ ಹುದ್ದೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸದಸ್ಯ ದೇಶಗಳಿಂದ ಎರವಲು ಬಂದ ರಾಜತಾಂತ್ರಿಕರಿಗೆ ಎಂಬ ನಿಯಮ ಬೇರೆ. ಇವರನ್ನೆಲ್ಲ ಒಂದೇ ಪಾಠದಲ್ಲಿ ಪಳಗಿಸಲು ಬೆಲ್ಜಿಯಂನ ಬ್ರೂಜ್‌ನಲ್ಲಿ 2022ರಲ್ಲಿ ಪ್ರಾಯೋಗಿಕವಾಗಿ ಒಂದು ರಾಜತಾಂತ್ರಿಕ ಅಕಾಡೆಮಿ ಶುರುವಾಯಿತು.

ನನ್ನ ಪ್ರಕಾರ ದೊಡ್ಡ ಗಂಟು ಇರುವುದು ತರಬೇತಿಯಲ್ಲಲ್ಲ. ವಿದೇಶಾಂಗ ನೀತಿಯ ತೀರ್ಮಾನಗಳಿಗೆ ಹೆಚ್ಚುಕಡಿಮೆ ಎಲ್ಲ 27 ದೇಶಗಳೂ ಒಪ್ಪಬೇಕು. ಒಂದು ದೇಶ ಒಲ್ಲೆ ಅಂದರೆ ರಾಯಭಾರಿ ಎಷ್ಟೇ ಜಾಣರಿದ್ದರೂ ಹೇಳಲು ಮಾತೇ ಇರುವುದಿಲ್ಲ. ಬಹುಮತ ಸಾಕು ಎಂಬ ಬೇಡಿಕೆ ಹಳೆಯದು. ಅದನ್ನು ಜಾರಿಗೆ ತರಲಿಕ್ಕೂ ಎಲ್ಲರ ಒಪ್ಪಿಗೆ ಬೇಕು!

ಫ್ರಾನ್ಸ್‌ನಂಥ ದೇಶಕ್ಕೆ ಎಲ್ಲೆಡೆ ಸ್ವಂತ ರಾಯಭಾರ ಕಚೇರಿಗಳಿವೆ. ಇ.ಯು. ನಿಯೋಗ ಜೋರಾಗಿ ಮಾತಾಡಿದರೆ ತನ್ನ ದನಿ ಸಣ್ಣದಾದೀತು ಎಂಬ ಅಳುಕು ಅದಕ್ಕೆ ಇದ್ದರೆ ಅಚ್ಚರಿಯಿಲ್ಲ. ಪುಟ್ಟ ಮಾಲ್ಟಾದ ಲೆಕ್ಕ ಬೇರೆ. ತನ್ನ ಕಚೇರಿಯಿಲ್ಲದ ದೇಶದಲ್ಲಿ ಅದರ ಪ್ರಜೆ ಪಾಸ್‌ಪೋರ್ಟ್ ಕಳೆದುಕೊಂಡರೆ ಅಲ್ಲಿರುವ ಜರ್ಮನಿಯ ಕಚೇರಿಗೆ ಹೋಗಬಹುದು, ಜರ್ಮನ್ನರಿಗೆ ಸಿಗುವ ನೆರವೇ ಅವರಿಗೂ ಸಿಗಬೇಕು. ಈ ಹಕ್ಕು ಈಗಾಗಲೇ ಒಕ್ಕೂಟದ ಒಪ್ಪಂದದಲ್ಲಿದೆ. ನಾಳೆ ಆ ಪ್ರಜೆ ನೇರವಾಗಿ ಇ.ಯು. ನಿಯೋಗದ ಬಾಗಿಲು ತಟ್ಟುವಂತಾಗಲಿ ಎಂಬುದೂ ‘ಬಲಪಡಿಸುವ’ ಮಾತಿನಲ್ಲೇ ಬರುತ್ತದೆ. ಅಂದ ಹಾಗೆ, 2024ರ ಡಿಸೆಂಬರ್‌ನಿಂದ ಈ ಸೇವೆಯ ಚುಕ್ಕಾಣಿ ಹಿಡಿದಿರುವ ಕಾಯಾ ಕಲ್ಲಾಸ್ ಬಂದಿರುವುದೂ ಹದಿನಾಲ್ಕು ಲಕ್ಷ ಜನರೂ ಇಲ್ಲದ ಎಸ್ಟೋನಿಯಾದಿಂದ.