ಕೃಪೆಯನ್ನು ಎದುರಿಸಬಹುದೇ? ಕ್ಯಾಲ್ವಿನ್ ಪಂಥ, ಅರ್ಮಿನಿಯಸ್ ಪಂಥ: ಒಂದು ಟಿಪ್ಪಣಿ

"ಕ್ಯಾಲ್ವಿನ್ ಪಂಥದವರು ದೇವರ ಕೃಪೆಯನ್ನು ನಂಬುತ್ತಾರೆ, ಅರ್ಮಿನಿಯಸ್ ಪಂಥದವರು ಮನುಷ್ಯನ ಸ್ವಂತ ಇಚ್ಛೆಯನ್ನು ನಂಬುತ್ತಾರೆ." ದಯವಿಟ್ಟು ಉತ್ತರಪತ್ರಿಕೆಯಲ್ಲಿ ಹೀಗೆ ಬರೆಯಬೇಡಿ. ಮನುಷ್ಯನಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೇಗೆ ಸಿಗುತ್ತದೆ ಎಂಬ ಬಗ್ಗೆ ಪ್ರಾಟೆಸ್ಟಂಟ್ ಕ್ರೈಸ್ತರಲ್ಲಿರುವ ಎರಡು ಚಿಂತನೆಗಳಿವು. ಅರ್ಮಿನಿಯಸ್‌ಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಪಾಪದಲ್ಲಿ ಬಿದ್ದ ಮನುಷ್ಯ ತನ್ನ ಬಲದಿಂದ ದೇವರ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಾರ ಎಂಬುದು ಎರಡೂ ಪಂಥಗಳ ಮಾತು.

ಇತಿಹಾಸ ಚುಟುಕಾಗಿ ಸಾಕು. 1564ರಲ್ಲಿ ಜಿನೀವಾದ ಧರ್ಮಸುಧಾರಕ ಕ್ಯಾಲ್ವಿನ್ ತೀರಿಕೊಂಡಾಗ ಅರ್ಮಿನಿಯಸ್ ಹಾಲೆಂಡಿನಲ್ಲಿ ಇನ್ನೂ ಚಿಕ್ಕ ಹುಡುಗ. ಮುಂದೆ ಜಿನೀವಾದಲ್ಲಿ ಕ್ಯಾಲ್ವಿನ್‌ನ ಉತ್ತರಾಧಿಕಾರಿ ಬೇಜಾನ ಬಳಿ ಓದಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಭಾಪಾಲಕನಾಗಿದ್ದು, 1603ರಲ್ಲಿ ಲೈಡನ್‌ನಲ್ಲಿ ಪ್ರಾಧ್ಯಾಪಕನಾದ. 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಅನುಯಾಯಿಗಳು ತಮ್ಮ ನಿಲುವನ್ನು ಹೇಳುವ ಐದು ಅಂಶಗಳ ಮನವಿ ಸಲ್ಲಿಸಿದರು. ಅದನ್ನು ತಳ್ಳಿಹಾಕಿದ್ದು 1618–19ರಲ್ಲಿ ಡಾರ್ಟ್ ಪಟ್ಟಣದಲ್ಲಿ ಸೇರಿದ ಡಚ್ ಚರ್ಚಿನ ಮಹಾಸಭೆ. ಹಾಗಾಗಿ "ಕ್ಯಾಲ್ವಿನ್ ಪಂಥದ ಐದು ಅಂಶಗಳು" ಕ್ಯಾಲ್ವಿನ್ ಪಟ್ಟಿ ಮಾಡಿದ್ದಲ್ಲ, ಎದುರಾಳಿಗಳ ಐದಕ್ಕೆ ಹುಟ್ಟಿದ ಉತ್ತರ.

ಭಿನ್ನಾಭಿಪ್ರಾಯ ನಿಜವಾಗಿ ಇರುವುದು ಎಲ್ಲಿ? ಡಾರ್ಟ್‌ನವರ ಪ್ರಕಾರ ದೇವರು ತನ್ನ ಚಿತ್ತದಂತೆ ಕೆಲವರನ್ನು ಆರಿಸಿಕೊಂಡಿದ್ದಾನೆ. ಆ ಆಯ್ಕೆಯಿಂದಲೇ ಅವರಲ್ಲಿ ನಂಬಿಕೆ ಹುಟ್ಟುತ್ತದೆ, ಅವರಲ್ಲಿ ಕೃಪೆ ಸೋಲುವುದಿಲ್ಲ. ಅರ್ಮಿನಿಯಸ್ ಪ್ರಕಾರ ಯಾರು ನಂಬುವರೆಂದು ದೇವರು ಮೊದಲೇ ಬಲ್ಲ, ಆಯ್ಕೆ ಆ ಅರಿವಿಗೆ ಅನುಗುಣವಾಗಿದೆ. ಕೃಪೆಯೇ ಮೊದಲು ಬಂದು ಮನಸ್ಸನ್ನು ಎಬ್ಬಿಸುತ್ತದೆ, ಆದರೆ ಮನುಷ್ಯ ಅದನ್ನು ತಡೆಯಬಲ್ಲ. ಸ್ತೆಫನನು ತನ್ನ ವಿಚಾರಕರಿಗೆ "ನೀವು ಯಾವಾಗಲೂ ಪವಿತ್ರಾತ್ಮನನ್ನು ಎದುರಿಸುತ್ತೀರಿ" ಎಂದದ್ದು (ಅಪೊಸ್ತಲರ ಕೃತ್ಯಗಳು 7:51) ಇವರ ಬಲವಾದ ಆಧಾರ. ಕ್ಯಾಲ್ವಿನ್ ಪಂಥದವರು ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯವನ್ನೂ ಯೋಹಾನ 6:44ನ್ನೂ ಮುಂದಿಡುತ್ತಾರೆ.

ದೇವರು ಭಕ್ತನನ್ನು ಕಾಯುವ ಬಗೆಯನ್ನು ಕೋತಿಮರಿ, ಬೆಕ್ಕಿನಮರಿಗಳ ಹೋಲಿಕೆಯಿಂದ ಹೇಳುವ ಶ್ರೀವೈಷ್ಣವರ ಮರ್ಕಟಕಿಶೋರ, ಮಾರ್ಜಾಲಕಿಶೋರ ನ್ಯಾಯಗಳನ್ನು ಬಲ್ಲವರಿಗೆ ಇಲ್ಲಿ ಅವು ನೆನಪಾಗುವುದು ಸಹಜ. ತಾಯಿಬೆಕ್ಕು ಕಚ್ಚಿಕೊಂಡು ಒಯ್ಯುವ ಮರಿಯ ಚಿತ್ರ ಕ್ಯಾಲ್ವಿನ್ ಪಂಥಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಆದರೆ ಕೋತಿಮರಿಯನ್ನು ಅರ್ಮಿನಿಯಸ್‌ಗೆ ಹಾಗೆಯೇ ಹೊಂದಿಸಬೇಡಿ. ಕೋತಿಮರಿ ತಾಯಿಯನ್ನು ಅಪ್ಪಿಕೊಳ್ಳುವುದು ತನ್ನದೇ ಬಲದಿಂದ. ಅರ್ಮಿನಿಯಸ್ ಪ್ರಕಾರ ಅಪ್ಪಿಕೊಳ್ಳುವ ಬಲವೂ ಕೃಪೆಯ ಕೊಡುಗೆ, ಮನುಷ್ಯನ ಕೈಯಲ್ಲಿ ಉಳಿದಿರುವುದು ಬಿಟ್ಟುಬಿಡುವ ಸಾಧ್ಯತೆ ಮಾತ್ರ.

ಕ್ರಿಸ್ತನ ಮರಣ ಯಾರಿಗಾಗಿ? ಇಲ್ಲೂ ಎಚ್ಚರ ಬೇಕು. ಡಾರ್ಟ್‌ನ ನಿರ್ಣಯವನ್ನೇ ತೆರೆದು ನೋಡಿದರೆ, ಆ ಮರಣ ಇಡೀ ಲೋಕದ ಪಾಪಗಳಿಗೆ ಧಾರಾಳವಾಗಿ ಸಾಕು ಎಂದು ಸ್ಪಷ್ಟವಾಗಿ ಬರೆದಿದೆ. ಅದು ಮಿತಿ ಹಾಕುವುದು ಮರಣದ ಬೆಲೆಗಲ್ಲ, ಯಾರನ್ನು ಖಂಡಿತವಾಗಿ ರಕ್ಷಿಸಬೇಕೆಂಬ ದೇವರ ಉದ್ದೇಶಕ್ಕೆ.

ರಕ್ಷಣೆ ಹೊಂದಿದವನು ಬಿದ್ದುಹೋಗಬಹುದೇ ಎಂಬುದಕ್ಕೆ ಡಾರ್ಟ್ ಕೊಟ್ಟ ಉತ್ತರ "ಇಲ್ಲ". 1610ರ ಮನವಿ ಮಾತ್ರ "ಹೌದು" ಎನ್ನಲಿಲ್ಲ, ಬೈಬಲಿನ ವಾಕ್ಯದಿಂದ ಇನ್ನೂ ಪರಿಶೀಲಿಸಬೇಕು ಎಂದು ಬಿಟ್ಟಿತು. ಖಚಿತವಾದ "ಹೌದು" ಅನಂತರ ಬಂದದ್ದು.

ನನ್ನ ಅಭಿಪ್ರಾಯದಲ್ಲಿ ಎರಡೂ ಕಡೆಗೆ ಒಂದೊಂದು ಕಠಿಣ ಪ್ರಶ್ನೆ ಉಳಿದಿದೆ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಷ್ಟವಾದರೆ (1 ತಿಮೊಥೆಯ 2:4), ಕೆಲವರನ್ನು ಬಿಟ್ಟದ್ದೇಕೆ? ಇದು ಕ್ಯಾಲ್ವಿನ್ ಪಂಥಕ್ಕೆ. ಒಂದೇ ಪ್ರಸಂಗ (ಧರ್ಮೋಪದೇಶ) ಕೇಳಿದ ಇಬ್ಬರಿಗೂ ಅದೇ ಕೃಪೆ ಸಿಕ್ಕಿದ್ದರೆ, ಒಬ್ಬ ನಂಬಿ ಇನ್ನೊಬ್ಬ ನಂಬದಿರುವುದಕ್ಕೆ ಕಾರಣವೇನು? ಇದು ಅರ್ಮಿನಿಯಸ್ ಪಂಥಕ್ಕೆ.

ಈ ವಾದ ನಮಗೆ ದೂರದ್ದಲ್ಲ. 1739ರಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಪೂರ್ವನಿರ್ಣಯದ (ಯಾರಿಗೆ ರಕ್ಷಣೆ ಎಂದು ದೇವರು ಮೊದಲೇ ನಿರ್ಧರಿಸಿದ್ದಾನೆ ಎಂಬ ಮತದ) ವಿರುದ್ಧ ಕಟುವಾಗಿ ಪ್ರಸಂಗ ಮಾಡಿದಾಗ, ಎದುರು ನಿಂತವನು ಅವನ ಆಪ್ತ ಜಾರ್ಜ್ ವೈಟ್‌ಫೀಲ್ಡ್. ಆ ವೆಸ್ಲಿಯ ಪರಂಪರೆಯ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. 1947ರಲ್ಲಿ ದಕ್ಷಿಣ ಭಾರತ ಸಭೆ (ಚರ್ಚ್ ಆಫ್ ಸೌತ್ ಇಂಡಿಯಾ) ರೂಪುಗೊಂಡಾಗ ಮೆಥೊಡಿಸ್ಟರೂ, ಕ್ಯಾಲ್ವಿನ್ ಪರಂಪರೆಯ ಪ್ರೆಸ್ಬಿಟೀರಿಯನ್ನರೂ ಅದೇ ಸಭೆಯೊಳಗೆ ಸೇರಿದರು.